ಕೈಗುಣ ಕಲಿಸುವ ಕೋಣೆ

ಬಕೆಟ್ಟಿನಲ್ಲಿ ಉಗುರುಬೆಚ್ಚನೆಯ ನೀರು. ಪಕ್ಕದಲ್ಲಿ ಹಸಿರು ರೆಕ್ಸಿನ್ ಹೊದಿಸಿದ ಮೇಜು, ಅದರ ಮೇಲೆ ನಾಲ್ಕು ಗೊಂಬೆಗಳು ಗಾಳಿ ಹೋದ ಬಲೂನಿನಂತೆ ಮುದುಡಿ ಬಿದ್ದಿವೆ. ತರಬೇತಿ ಕೊಡುವ ಹಿರಿಯ ದಾದಿ ಒಂದನ್ನೆತ್ತಿ, ಬಿರಡೆ ತೆಗೆದು, ಲಾಳಿಕೆಯಿಟ್ಟು ನೀರು ಸುರಿಯತೊಡಗಿದರು. ಅರ್ಧ ಲೀಟರ್, ಒಂದು, ಒಂದೂವರೆ, ಎರಡು. ನೋಡನೋಡುತ್ತಿದ್ದಂತೆ ಗೊಂಬೆಗೆ ಹೊಟ್ಟೆ ಬಂತು, ತೊಡೆ ಬಂತು, ಕೆನ್ನೆ ಬಂತು. ಬಿರಡೆ ಮುಚ್ಚಿ ಎದುರಿಗಿದ್ದ ಹುಡುಗಿಯ ಕೈಗೆ ಕೊಟ್ಟಾಗ ಅದರ ಕತ್ತು ಹಿಂದಕ್ಕೆ ವಾಲಿತು. ಆ ಹುಡುಗಿ ಯೋಚಿಸಲಿಲ್ಲ, ಅಂಗೈ ತಾನಾಗಿ ಕತ್ತಿನಡಿಗೆ ಹೋಯಿತು.

"ನೋಡ್ರಿ," ಅಂದರು ಹಿರಿಯ ದಾದಿ, "ಕೈಗೆ ಗೊತ್ತಾತು ಇದು ಕೂಸು ಅಂತ. ಇನ್ನ ತಲಿಗೆ ಗೊತ್ತಾಗಬೇಕು."

ಇದು ಎಡೆದೊರೆ ನಾಡಿನ ಒಂದು ಆಸ್ಪತ್ರೆಯ ಹಿತ್ತಿಲ ಕಟ್ಟಡ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಸೀಮೆಯಲ್ಲಿ ಒಂಬತ್ತೂವರೆಗೇ ಬಿಸಿಲು ಕಿಟಕಿಯ ಸರಳು ಕಾಯಿಸಿದೆ. ಮೂಲೆಯಲ್ಲಿ ಹಳೆಯ ಹೆರಿಗೆ ಮಂಚ, ಗೋಡೆಯ ಮೇಲೆ ಅಂಚು ಸುರುಳಿಯಾದ ಚಾರ್ಟುಗಳು, ತಲೆಯ ಮೇಲೆ ತಿರುಗಿದಷ್ಟೂ ಸದ್ದು ಮಾಡುವ ಫ್ಯಾನು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹದಿನಾರು ದಾದಿಯರು ಬಂದಿದ್ದಾರೆ, ಜೊತೆಗೆ ಇಬ್ಬರು ಎಳೆಯ ವೈದ್ಯರು. ಮೊದಲ ಬಸ್ಸು ಹಿಡಿದು ಬಂದವರ ಕಣ್ಣಲ್ಲಿ ಇನ್ನೂ ನಿದ್ದೆ. ಕೆಲವರು ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ ಬಂದವರು. ಒಬ್ಬಳ ಮಡಿಲಲ್ಲಿ ನೋಟುಪುಸ್ತಕ ತೆರೆದೇ ಇದೆ, ಪೆನ್ನಿನ ಮುಚ್ಚಳವೂ ತೆಗೆದಿದೆ. ಅದನ್ನು ಕಂಡು ಹಿರಿಯ ದಾದಿ ನಕ್ಕರು. "ಅದನ್ನ ಚೀಲದಾಗ ಇಡವ್ವಾ. ಇಲ್ಲಿ ಬರಿಯೂದು ಏನೂ ಇಲ್ಲ."

ನಮ್ಮ ಜನ ಡಾಕ್ಟರರ ಡಿಗ್ರಿ ಕೇಳುವುದು ಕಡಿಮೆ, ಕೇಳುವುದು ಕೈಗುಣ. "ಆ ಸಿಸ್ಟರ್ ಸೂಜಿ ಚುಚ್ಚಿದ್ದೇ ಗೊತ್ತಾಗೋದಿಲ್ಲ." "ಆಕಿ ಕೈಯಾಗ ಹೆರಿಗಿ ಆದ್ರ ಚಿಂತಿಲ್ಲ." ಈ ಮಾತುಗಳಲ್ಲಿ ಮೆಚ್ಚುಗೆ ಇದೆ, ಒಂದು ಅನ್ಯಾಯವೂ ಇದೆ. ಕೈಗುಣವೆಂದರೆ ಹುಟ್ಟುತ್ತ ತಂದದ್ದು, ಇದ್ದವರಿಗುಂಟು ಇಲ್ಲದವರಿಗಿಲ್ಲ ಎಂಬಂತೆ ಆಡುತ್ತೇವೆ. ಅದು ಹೇಗೆ ಬರುತ್ತದೆ, ಯಾವ ಕೋಣೆಯಲ್ಲಿ, ಎಷ್ಟು ಸಲ ತಪ್ಪಿದ ಮೇಲೆ ಎಂದು ಕೇಳುವವರು ವಿರಳ. ನಾನು ಬಂದಿದ್ದು ಅದನ್ನು ನೋಡಲು.

*

ಮೊದಲ ಪಾಠಕ್ಕೆ ಒಂದು ನಿಮಿಷ. ಪಾಠವೂ ಒಂದು ನಿಮಿಷದ್ದೇ.

ಹುಟ್ಟಿದ ನೂರು ಕೂಸುಗಳಲ್ಲಿ ತೊಂಬತ್ತು ತಾವೇ ಉಸಿರೆಳೆದು ಅಳುತ್ತವೆ. ಉಳಿದ ಹತ್ತಕ್ಕೆ ಏನಾದರೊಂದು ಆಸರೆ ಬೇಕು. ಹೆಚ್ಚಿನವಕ್ಕೆ ಬಟ್ಟೆಯಿಂದ ಒರೆಸಿ ಬೆನ್ನು ತಿಕ್ಕಿದರೆ ಸಾಕು. ಅದಕ್ಕೂ ಉಸಿರು ಬಾರದ ಕೆಲವು ಕೂಸುಗಳಿಗೆ, ಹುಟ್ಟಿದ ಮೊದಲ ನಿಮಿಷದೊಳಗೆ, ಚೀಲ ಮತ್ತು ಮಾಸ್ಕಿನಿಂದ ಗಾಳಿ ಕೊಡಬೇಕು. ತರಬೇತಿಯವರು ಇದನ್ನು 'ಚಿನ್ನದ ನಿಮಿಷ' ಎನ್ನುತ್ತಾರೆ. ಕೇಂದ್ರ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಶುರುಮಾಡಿ, ಹೆರಿಗೆ ಮಾಡಿಸುವ ಪ್ರತಿ ಕೈಗೂ ಈ ವಿದ್ಯೆ ಬರಬೇಕೆಂದು ಹೊರಟಿತು. ವಿದ್ಯೆ ಒಂದು ಪುಟದಲ್ಲಿ ಹಿಡಿಸುತ್ತದೆ, ಕೈಗೆ ಹತ್ತಿಸುವುದೇ ಕಷ್ಟ.

ಗೊಂಬೆಯ ಹೊಟ್ಟೆಯಿಂದ ಹೊಕ್ಕುಳಬಳ್ಳಿ ಇಳಿಬಿದ್ದಿದೆ. ಸಣ್ಣ ಕೊಳವೆಗಳ ತುದಿಯ ರಬ್ಬರ್ ಬುಗ್ಗೆಗಳು ಹಿರಿಯ ದಾದಿಯ ಮುಷ್ಟಿಯಲ್ಲಿವೆ. ಒಂದನ್ನು ಅದುಮಿದರೆ ಬಳ್ಳಿಯಲ್ಲಿ ನಾಡಿ ಮಿಡಿಯುತ್ತದೆ, ಇನ್ನೊಂದನ್ನು ಅದುಮಿದರೆ ಕೂಸು ಅಳುತ್ತದೆ. ಅಳು ಕೇಳಿಸಬೇಕೋ ಬೇಡವೋ ತೀರ್ಮಾನಿಸುವವರು ಅವರೇ. ಎದುರಿನವಳು ಸರಿಯಾಗಿ ಮಾಡುವ ತನಕ ಆ ಮುಷ್ಟಿ ಅಲುಗುವುದಿಲ್ಲ.

"ಕೂಸು ಹುಟ್ಟೇತಿ. ಅಳವಲ್ದು. ನಡೀರಿ."

ಮೊದಲು ಬಂದವಳು ಒರೆಸಿದಳು, ತಿಕ್ಕಿದಳು, ಬಳ್ಳಿ ಕತ್ತರಿಸಿದಳು, ಮಾಸ್ಕು ಹಿಡಿದಳು. ಚೀಲ ಅದುಮಿದರೆ 'ಪುಸ್' ಎಂದು ಗಾಳಿ ಕೆನ್ನೆಯ ಬದಿಯಿಂದ ಸೋರಿತು. ಎದೆ ಏಳಲಿಲ್ಲ. ಇನ್ನೂ ಜೋರಾಗಿ ಅದುಮಿದಳು, ಇನ್ನೂ ಜೋರಾಗಿ ಸೋರಿತು. ಹಿರಿಯ ದಾದಿ ಬಾಯಿ ಬಿಡಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು. ಕೊನೆಗೆ ಅವರು ಹುಡುಗಿಯ ಬೆರಳುಗಳನ್ನು ತಮ್ಮ ಕೈಯಲ್ಲಿ ಹಿಡಿದು ಒಂದೊಂದಾಗಿ ಜಾಗಕ್ಕಿಟ್ಟರು: ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ ಬಳೆಯಂತೆ, ಉಳಿದ ಮೂರು ದವಡೆಯ ಎಲುಬಿನಡಿ ಕೊಕ್ಕೆಯಂತೆ. ಮಾಸ್ಕು ಗಲ್ಲ, ಬಾಯಿ, ಮೂಗನ್ನು ಮುಚ್ಚಬೇಕು, ಕಣ್ಣಿಗೆ ತಾಗಬಾರದು. ತಲೆ ತುಸುವೇ ಹಿಂದಕ್ಕೆ, ಹೂವು ಮೂಸುವಾಗ ನಾವು ಮುಖ ಎತ್ತುತ್ತೇವಲ್ಲ, ಅಷ್ಟೇ. "ಮಾಸ್ಕನ್ನ ಮಾರಿಗೆ ಒತ್ತಬ್ಯಾಡ್ರಿ. ಮಾರಿನ್ನ ಮಾಸ್ಕಿಗೆ ತರ್ರಿ."

ಈ ಒಂದು ವಾಕ್ಯದಲ್ಲಿ ಆಟವೇ ಬದಲಾಯಿತು. ಎದೆ ಮೆಲ್ಲಗೆ ಏರಿತು, ಇಳಿಯಿತು. "ಉಸಿರು, ಎರಡು, ಮೂರು. ಉಸಿರು, ಎರಡು, ಮೂರು." 'ಉಸಿರು' ಅಂದಾಗ ಅದುಮುವುದು, ಮುಂದಿನ ಎರಡು ಎಣಿಕೆಗೆ ಬಿಡುವುದು. ಹೀಗೆ ಹಾಡಿಕೊಂಡು ಹೋದರೆ ನಿಮಿಷಕ್ಕೆ ನಲವತ್ತರಿಂದ ಅರವತ್ತು ಉಸಿರು ತಾನಾಗಿ ಕೂಡುತ್ತದೆ. ಕೋಣೆಯ ಹದಿನೆಂಟು ಬಾಯಿಗಳೂ ಹಾಡಿದವು. ಗೊಂಬೆ ಅತ್ತಿತು.

ನೋಡುತ್ತ ನಿಂತವನಿಗೆ ಎಲ್ಲವೂ ಸಲೀಸು. "ಪತ್ರಿಕೆಯವ್ರು ಒಮ್ಮೆ ಮಾಡ್ರಲ್ಲ," ಎಂದು ಮಾಸ್ಕನ್ನು ನನ್ನ ಕೈಗೆ ತುರುಕಿದರು. ಬೆರಳುಗಳನ್ನು ಹೇಗಿಡಬೇಕೆಂದು ಎರಡು ನಿಮಿಷದ ಹಿಂದಷ್ಟೇ ಕಣ್ಣಾರೆ ಕಂಡಿದ್ದೆ, ಬೇಕಾದರೆ ವಿವರಿಸಿ ಬರೆದೇನು. ಅದುಮಿದೆ. ಪುಸ್. ಮತ್ತೆ ಅದುಮಿದೆ. ಪುಸ್. ಕಿರುಬೆರಳು ಎಲ್ಲಿಗೆ ಹೋಯಿತೋ ನನಗೇ ತಿಳಿಯದು. ಗಡಿಯಾರ ಒಂದು ನಿಮಿಷ ದಾಟಿತು. ಯಾರೂ ನಗಲಿಲ್ಲ. ನಗದೇ ಇದ್ದದ್ದೇ ನನ್ನನ್ನು ಹೆಚ್ಚು ತಟ್ಟಿತು.

*

ಹನ್ನೊಂದಕ್ಕೆ ಚಹಾ, ಆಮೇಲೆ ಹೊಲಿಗೆ. ಹೆರಿಗೆಯಲ್ಲಿ ಹರಿದ ಜಾಗವನ್ನು ಹೊಲಿಯುವುದನ್ನು ಸ್ಪಂಜಿನ ತುಂಡುಗಳ ಮೇಲೆ ಕಲಿಯುತ್ತಿದ್ದಾರೆ. ಬಾಗಿದ ಸೂಜಿ, ಇಕ್ಕಳ, ದಾರ. ಎಳೆಯ ವೈದ್ಯನೊಬ್ಬ ಗಂಟು ಬಿಗಿಯಾಗಿ ಎಳೆದು ಸ್ಪಂಜನ್ನೇ ಸೀಳಿದ. ಪಕ್ಕದ ದಾದಿ ಹೊಸ ತುಂಡು ಸರಿಸಿದಳು. ಒಂದು ತುಂಡಿಗೆ ಎಷ್ಟು ಬೆಲೆಯಾದೀತು? ಮೈಯ ಮೇಲಾಗಿದ್ದರೆ?

ಈ ಲೆಕ್ಕವನ್ನು ನಮ್ಮವರು ಬಹಳ ಹಿಂದೆಯೇ ಹಾಕಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯವೇ ಇದಕ್ಕೆ ಮೀಸಲು. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿ. ನರ ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ. ಹೊಲಿಯುವುದನ್ನು ದಪ್ಪ ಬಟ್ಟೆ, ಮೆದು ತೊಗಲುಗಳ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ. ಶಾಸ್ತ್ರವನ್ನೆಲ್ಲ ಅರಗಿಸಿಕೊಂಡಿದ್ದರೂ ಇದನ್ನು ಮಾಡದವನು ಕೆಲಸಕ್ಕೆ ಬಾರದವನು ಎಂಬುದು ಅಲ್ಲಿನ ನಿಲುವು. ಈ ಕೈರೂಢಿಗೆ ಅಲ್ಲಿರುವ ಹೆಸರು 'ಯೋಗ್ಯಾ'. ನಾವು ದಿನವೂ ಬಳಸುವ 'ಯೋಗ್ಯ' ಅದರ ಒಡಹುಟ್ಟು. ಯೋಗ್ಯತೆಯನ್ನು ನಾವು ಪ್ರಮಾಣಪತ್ರದಲ್ಲಿ ಹುಡುಕುತ್ತೇವೆ, ಸುಶ್ರುತ ಅದನ್ನು ಕುಂಬಳಕಾಯಿಯಲ್ಲಿ ಹುಡುಕಿದ.

ಹೆರಿಗೆಯ ಗೊಂಬೆಗೂ ಹಳೆಯ ಕಥೆಯಿದೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಂ ದ್ಯು ಕುದ್ರೇ ಎಂಬ ಸೂಲಗಿತ್ತಿ ಬಟ್ಟೆ, ತೊಗಲು, ಹತ್ತಿಗಳಿಂದ ತಾಯಿಯ ಸೊಂಟವನ್ನೂ ಕೂಸನ್ನೂ ಹೊಲಿದಳು. 1759ರಲ್ಲಿ ಹದಿನೈದನೆಯ ಲೂಯಿ ದೊರೆಯ ಅಪ್ಪಣೆ ಪಡೆದು ಅದನ್ನು ಹೊತ್ತು ಊರೂರು ತಿರುಗಿದಳು, ಹಳ್ಳಿಯ ಸಾವಿರಾರು ಹೆಂಗಸರಿಗೆ ಹೆರಿಗೆ ಕಲಿಸಿದಳು. ಓದು ಬಾರದ ಕೈಗಳಿಗೆ ಆ ಗೊಂಬೆಯೇ ಪುಸ್ತಕ. ನಮ್ಮಲ್ಲಿ ಎಂಬಿಬಿಎಸ್ ಪಠ್ಯಕ್ರಮ 2019ರಲ್ಲಿ ಹೊಸದಾಗಿ, ಏನು ಓದಿದ್ದೀಯ ಎನ್ನುವುದರ ಜೊತೆಗೆ ಏನು ಮಾಡಬಲ್ಲೆ ಎಂದೂ ಕೇಳತೊಡಗಿತು. ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಕಡ್ಡಾಯವಾಯಿತು. ಕುಂಬಳಕಾಯಿ ಹೊಸ ರೂಪದಲ್ಲಿ ತರಗತಿಗೆ ಮರಳಿತು.

*

ಮಧ್ಯಾಹ್ನ ಡಬ್ಬಿಗಳು ತೆರೆದವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಬ್ಬರ ರೊಟ್ಟಿ ಇನ್ನೊಬ್ಬರ ಡಬ್ಬಿಗೆ ಹೋಗುವ ಹೊತ್ತಿನಲ್ಲಿ ಮಾತು ಸಡಿಲವಾಗುತ್ತದೆ. ಬೆಳಿಗ್ಗೆ ನೋಟುಪುಸ್ತಕ ತೆರೆದು ಕೂತಿದ್ದ ಹುಡುಗಿ ಈಗ ಬಾಯಿಬಿಟ್ಟಳು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿಲ್ಲ.

ಒಂದು ರಾತ್ರಿ, ಕರೆಂಟಿಲ್ಲ, ಡಾಕ್ಟರರು ಊರಿಗೆ ಹೋಗಿದ್ದಾರೆ. ಕೂಸು ಹುಟ್ಟಿತು, ಅಳಲಿಲ್ಲ. ಇವಳಿಗೆ ಎಲ್ಲ ಗೊತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು. ಚೀಲ ಮಾಸ್ಕು ಕಪಾಟಿನಲ್ಲಿತ್ತು, ಪ್ಯಾಕೆಟ್ ಒಡೆಯದೆ. "ಕೈಕಾಲೇ ಆಡಲಿಲ್ರಿ. ಕೂಸಿನ ಕಾಲು ಹಿಡಕೊಂಡು ನಿಂತೆ. ಆಯಾ ಬಂದು ಬೆನ್ನು ತಿಕ್ಕಿದ್ಳು, ಹೆಂಗೋ ಅಳ್ತು." ಕೂಸು ಉಳಿಯಿತು. ಇವಳೊಳಗಿನದೇನೋ ಅಂದಿನಿಂದ ಅಲುಗುತ್ತಲೇ ಇದೆ. ನೋವು ತಿನ್ನುತ್ತ ಯಾರಾದರೂ ಬಂದರೆ ಮೊದಲು ಫೋನು ನೋಡುತ್ತಾಳೆ, ನೂರಾ ಎಂಟರ ಆಂಬುಲೆನ್ಸು ಸಿಗುತ್ತದಾ ಎಂದು.

ಯಾರೂ ಸಮಾಧಾನ ಹೇಳಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಹಿರಿಯ ದಾದಿ ಮಾತ್ರ, "ಕಪಾಟಿನ್ಯಾಗಿನ ಪ್ಯಾಕೆಟ್ ಯಾಕ ಒಡದಿರಲಿಲ್ಲ?" ಎಂದು ಕೇಳಿದರು. ಹುಡುಗಿ ಯೋಚಿಸಿದಳು. "ಒಡದ್ರ ಲೆಕ್ಕ ಕೊಡಬೇಕು ಅಂತ ಹೆದರಿಕಿ ಇತ್ರಿ." ಊಟದ ಸಾಲಿನಲ್ಲಿ ಮೂರು ನಾಲ್ಕು ತಲೆಗಳು ಹೌದೌದೆಂದು ಆಡಿದವು.

ಅದು ಆ ಹುಡುಗಿಯ ಕೊರತೆ ಮಾತ್ರವಲ್ಲ, ಲೆಕ್ಕದ ಕೊರತೆಯೂ ಹೌದು. ತಿಂಗಳಿಗೆ ಹತ್ತು ಹೆರಿಗೆಯಾಗುವ ಕೇಂದ್ರದಲ್ಲಿ ಚೀಲ ಮಾಸ್ಕು ಬೇಕಾಗುವ ಕೂಸು ಹಲವು ತಿಂಗಳಿಗೊಮ್ಮೆ ಹುಟ್ಟೀತು. ಅಷ್ಟರಲ್ಲಿ ಕಲಿತದ್ದಕ್ಕೆ ತುಕ್ಕು. ವರ್ಷಕ್ಕೊಮ್ಮೆ ಮೂರು ದಿನ ಕೂಡಿಸಿ ಕಲಿಸಿದರೆ ಆ ತುಕ್ಕು ಪೂರ್ತಿ ಹೋಗುವುದಿಲ್ಲ. ದಿನಕ್ಕೈದು ನಿಮಿಷ ಗೊಂಬೆ ಹಿಡಿದರೆ ಹೋಗುತ್ತದೆ. ಉತ್ತರ ಕರ್ನಾಟಕದಲ್ಲೇ ಇದಕ್ಕೊಂದು ದಾರಿ ಹುಡುಕಿದವರಿದ್ದಾರೆ. ಬೀದರಿನಿಂದ ಬಳ್ಳಾರಿಯವರೆಗೆ, ಬಾಗಲಕೋಟೆ ವಿಜಯಪುರಗಳೂ ಸೇರಿ, ಎಂಟು ಜಿಲ್ಲೆಗಳಲ್ಲಿ ನಡೆದ 'ಸುಕ್ಷೇಮ' ಯೋಜನೆಯಲ್ಲಿ ನುರಿತ ದಾದಿಯರೇ ಮಾರ್ಗದರ್ಶಿಗಳಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋದರು. ದಾದಿಯನ್ನು ತರಬೇತಿಗೆ ಕರೆಸುವ ಬದಲು ತರಬೇತಿಯೇ ದಾದಿಯ ಬಳಿಗೆ ಹೋಯಿತು, ಮತ್ತೆ ಮತ್ತೆ ಹೋಯಿತು. ಅವಳದೇ ಹೆರಿಗೆ ಕೋಣೆ, ಅವಳದೇ ಕಪಾಟು. ಬಂದವರು ತಪಾಸಣೆಯ ಅಧಿಕಾರಿಯಲ್ಲ, ತನ್ನಂಥದೇ ಕೆಲಸ ಮಾಡಿ ಬಂದ ಅಕ್ಕ. ತಪಾಸಣೆಗೆ ಬಂದವರ ಎದುರು ಪ್ಯಾಕೆಟ್ ಒಡೆಯುವುದಿಲ್ಲ, ಅಕ್ಕನೆದುರು ಒಡೆಯುತ್ತದೆ.

*

ಮೂರು ಗಂಟೆಯ ಹೊತ್ತಿಗೆ ಕೋಣೆ ನಾಟಕಶಾಲೆಯಾಯಿತು. ಹಿರಿಯ ದಾದಿ ಸೀರೆಯ ಮೇಲೆ ದೊಡ್ಡದೊಂದು ರಬ್ಬರ್ ಹೊಟ್ಟೆ ಕಟ್ಟಿಕೊಂಡು ಮಂಚವೇರಿದರು. ಹೊಟ್ಟೆಯೊಳಗೆ ಕೂಸಿದೆ, ಮಾಸುಚೀಲವಿದೆ, ಕೆಂಪು ನೀರಿನ ಚೀಲವೂ ಇದೆ. ನೀರು ಬಿಡುವ ತಿರುಪು ಅವರ ಬೆರಳಲ್ಲಿ. "ಯವ್ವಾ... ಸತ್ತೆನಬೇ..." ಎಂದು ಅವರು ನರಳತೊಡಗಿದಾಗ ಮೊದಲು ಎಲ್ಲರೂ ನಕ್ಕರು. ಎರಡನೆಯ ನರಳಿಕೆಗೆ ನಗು ನಿಂತಿತು. ಇಪ್ಪತ್ತು ವರ್ಷ ಕಿವಿಯಿಂದ ಕೇಳಿದ ನರಳಿಕೆ ಅದು.

ನೋಟುಪುಸ್ತಕದ ಹುಡುಗಿಯೇ ಮುಂದಾಳು. ಕೂಸು ಬಂತು. ನಿಮಿಷದೊಳಗೆ ತಾಯಿಯ ತೊಡೆಗೆ ಆಕ್ಸಿಟೋಸಿನ್ ಹತ್ತು ಯೂನಿಟ್. ಮಾಸು ಬಂತು, ತಿರುವಿ ನೋಡಿದಳು, ಪೂರ್ತಿಯಿದೆ. ಎಲ್ಲರೂ ನಿಟ್ಟುಸಿರಿಟ್ಟರು. ಆಗ ಕೆಂಪು ನೀರು ಇಳಿಯತೊಡಗಿತು. ಮೊದಲು ಹನಿ, ಆಮೇಲೆ ಎಳೆ, ಆಮೇಲೆ ಹರಿವು.

ಆಟ ಅಲ್ಲೇ ನಿಂತಿತು. ಮಂಚದ ಮೇಲಿಂದಲೇ ಹಿರಿಯ ದಾದಿ ಕೇಳಿದರು: "ಎಷ್ಟು ಹೋಗಿರಬಹುದು?"

ನೆನೆದ ಬಟ್ಟೆಗಳನ್ನು ಎಲ್ಲರೂ ಇಣುಕಿದರು. "ಇನ್ನೂರು ಎಂಎಲ್ ರೀ." "ಮುನ್ನೂರು." ವೈದ್ಯ, "ಮುನ್ನೂರೈವತ್ತು" ಅಂದ. ಹೊಟ್ಟೆಯ ಚೀಲ ತೆಗೆದು ಅಳೆದರು. ಆರುನೂರು. ಯಾರೂ ಮಾತಾಡಲಿಲ್ಲ. ಐನೂರು ದಾಟಿದರೆ ಅದು ರಕ್ತಸ್ರಾವವೆಂದೇ ಲೆಕ್ಕ.

ಕಣ್ಣು ರಕ್ತವನ್ನು ಕಡಿಮೆ ಅಳೆಯುತ್ತದೆ. ಈ ಸತ್ಯದ ಹಿಂದೆ ನಮ್ಮ ಬೆಳಗಾವಿಯೂ ಇದೆ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 1620 ಬಾಣಂತಿಯರು, ನೋಡಿಕೊಂಡವರು ಡಾಕ್ಟರರಲ್ಲ, ಎಎನ್‌ಎಂ ದಾದಿಯರು. ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರಲ್ಲಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಆ ಅಧ್ಯಯನಕ್ಕಾಗಿ ರಕ್ತವನ್ನು ಊಹಿಸದೆ ಅಳೆಯಬೇಕಿತ್ತು. ಅದಕ್ಕೆಂದೇ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಸು ರೂಪಿಸಿದರು. ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಇಂಥದೇ ಅಳತೆಯ ಹಾಸು ಹಾಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದರು. ಗಂಭೀರ ರಕ್ತಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ ಅರವತ್ತರಷ್ಟು ತಗ್ಗಿದವು.

"ಈಗ ಮತ್ತ ಮೊದಲಿಂದ," ಅಂದರು ಮಂಚದ ಮೇಲಿದ್ದವರು.

ಈ ಸಲ ಹಾಸು ಬಿತ್ತು. ಕೆಂಪು ಗೆರೆ ಮುಟ್ಟುತ್ತಿದ್ದಂತೆ ಹುಡುಗಿ ಕೂಗಿದಳು, "ರಕ್ತಸ್ರಾವ! ಯಾರರೆ ಬರ್ರಿ!" ದನಿ ನಡುಗಿತು, ಆದರೆ ಬಂತು. ಒಂದು ಕೈ ಹೊಟ್ಟೆಯ ಮೇಲೆ ಹೋಗಿ ಗರ್ಭಕೋಶ ಮುಟ್ಟಿತು. ಮೆತ್ತಗಿದೆ. ತಿಕ್ಕತೊಡಗಿದಳು. "ಸರ್, ಕೈಗೆ ಸೂಜಿ ಹಾಕ್ರಿ, ಸಲೈನಿನ್ಯಾಗ ಆಕ್ಸಿಟೋಸಿನ್ ಬಿಡ್ರಿ."

ವೈದ್ಯ ಒಂದು ಕ್ಷಣ ಗಲಿಬಿಲಿಗೊಂಡ. ದಾದಿ ಆಜ್ಞೆ ಮಾಡುವುದು, ವೈದ್ಯ ಪಾಲಿಸುವುದು ಅವನ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಡದ್ದಲ್ಲ. ಆಮೇಲೆ ತಾನೇ, "ಸೂಜಿ ಹಾಕಿದೆ, ಸಲೈನಿನಲ್ಲಿ ಆಕ್ಸಿಟೋಸಿನ್ ಬಿಟ್ಟಿದ್ದೀನಿ" ಎಂದು ಜೋರಾಗಿ ಮರುನುಡಿದ. ಹೇಳಿದ್ದನ್ನು ಕೇಳಿದವರು ತಿರುಗಿ ಹೇಳಬೇಕೆಂಬುದು ಇಲ್ಲಿನ ನಿಯಮ. ಗಾಬರಿಯಲ್ಲಿ ಆಡಿದ ಮಾತು ಗಾಳಿಗೆ ಹೋಗದಂತೆ ಕಟ್ಟಿದ ಗಂಟು ಅದು.

ಮಂಚದ ಮೇಲಿನ ಬೆರಳು ತಿರುಪನ್ನು ಮೆಲ್ಲಗೆ ಬಿಗಿ ಮಾಡಿತು. ಹರಿವು ಎಳೆಯಾಯಿತು, ಎಳೆ ಹನಿಯಾಯಿತು. ಹುಡುಗಿಯ ಅಂಗೈಯಡಿ ರಬ್ಬರ್ ಗರ್ಭಕೋಶ ಗಟ್ಟಿಯಾಯಿತು. "ಗಟ್ಟಿ ಆತ್ರಿ," ಅಂದಳು, ತನ್ನಷ್ಟಕ್ಕೆ.

*

ಆಟ ಮುಗಿದ ಮೇಲಿನ ಮಾತುಕತೆಯೇ ಈ ಕೋಣೆಯ ನಿಜವಾದ ತರಗತಿ. ವೃತ್ತಾಕಾರ ಕೂತರು. ಹಿರಿಯ ದಾದಿ ಹೊಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು ಕೇಳಿದ್ದು ಎರಡೇ ಪ್ರಶ್ನೆ: ಏನು ಚಲೋ ಆತು? ಮತ್ತೊಮ್ಮೆ ಮಾಡಿದ್ರ ಏನು ಬ್ಯಾರೆ ಮಾಡ್ತೀರಿ? ಯಾರ ತಪ್ಪು ಎಂಬ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ. ಒಬ್ಬಳು, "ನಾ ತಾಯಿ ಮಾರಿನೇ ನೋಡಲಿಲ್ರಿ, ಬರೇ ರಕ್ತ ನೋಡಿದೆ" ಅಂದಳು. ವೈದ್ಯ, "ಸಿಸ್ಟರ್ ಹೇಳದಿದ್ದರೆ ನಾನು ಇನ್ನೂ ಯೋಚಿಸ್ತಾ ನಿಂತಿರ್ತಿದ್ದೆ" ಅಂದ. ಈ ಮಾತು ಅವನ ಬಾಯಿಂದ ಹೊರಬೀಳಲು ರಬ್ಬರ್ ಹೊಟ್ಟೆಯೊಂದು ಬೇಕಾಯಿತು.

ಗೋಡೆಯ ಮೇಲಿನ ಒಂದು ಚಾರ್ಟು ನನ್ನ ಕಣ್ಣು ಸೆಳೆಯಿತು. ಸುರಕ್ಷಿತ ಹೆರಿಗೆಯ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಪಟ್ಟಿ ತಯಾರಿಸಿದಾಗ ಅದನ್ನು ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರವೂ ಇತ್ತು. ಪ್ರತಿ ಹೆರಿಗೆಯಲ್ಲೂ ಆಗಲೇಬೇಕಾದ 29 ಕೆಲಸಗಳಲ್ಲಿ ಪಟ್ಟಿ ಬರುವ ಮುಂಚೆ ಸರಾಸರಿ 10 ಆಗುತ್ತಿದ್ದವು, ಬಂದ ಮೇಲೆ 25. ದಾದಿಯರು ಬದಲಾಗಿರಲಿಲ್ಲ. ಗೊತ್ತಿರುವುದು ಬೇಕಾದ ಹೊತ್ತಿಗೆ ಕೈಗೆ ಸಿಗುವ ದಾರಿಯಷ್ಟೇ ಬದಲಾಗಿತ್ತು.

ಧೈರ್ಯವೆಂದರೆ ಹೆದರಿಕೆ ಇಲ್ಲದಿರುವುದೆಂದು ನಾನು ತಿಳಿದಿದ್ದೆ. ಈ ಕೋಣೆಯಲ್ಲಿ ಹೆದರದವರು ಯಾರೂ ಇರಲಿಲ್ಲ, ಹಿರಿಯ ದಾದಿಯೂ ಸೇರಿ. "ಇಪ್ಪತ್ತು ವರ್ಷ ಆತು, ಕೂಸು ಅಳೂತನಕ ನನಗ ಉಸಿರು ಬರೂದಿಲ್ಲ" ಎಂದರು. ತಲೆ ಹೆದರಿ ನಿಂತಾಗಲೂ ಕೈ ನಿಲ್ಲದೆ ಮುಂದೆ ಹೋಗುತ್ತದೆ, ವ್ಯತ್ಯಾಸ ಅಷ್ಟೇ. ಆನೆಗೂ ಕೈಗೂ ಕನ್ನಡದಲ್ಲಿ ಒಂದೇ ಮಾತು: ಪಳಗುವುದು. ಎರಡೂ ಒಂದು ದಿನದಲ್ಲಿ ಪಳಗುವುದಿಲ್ಲ, ಬೈದರೆ ಪಳಗುವುದಿಲ್ಲ. ತಪ್ಪಿದರೂ ಯಾರಿಗೂ ಏಟಾಗದ ಬಯಲು ಬೇಕು.

ಐದು ಗಂಟೆಗೆ ಕೊನೆಯ ಸರದಿ. ನೋಟುಪುಸ್ತಕದ ಹುಡುಗಿ ಕೇಳದೆಯೇ ಎದ್ದು ಬಂದಳು. ಕೂಸು ಅಳಲಿಲ್ಲ. ಒರೆಸಿದಳು, ತಿಕ್ಕಿದಳು, ಕತ್ತರಿಸಿದಳು. ಹೆಬ್ಬೆರಳು ತೋರುಬೆರಳು ಬಳೆಯಾದವು, ಮೂರು ಬೆರಳು ಕೊಕ್ಕೆಯಾದವು. ಪುಸ್ ಎನ್ನಲಿಲ್ಲ. ಎದೆ ಏರಿತು. ಹಿರಿಯ ದಾದಿಯ ಮುಷ್ಟಿ ಅಲುಗಲಿಲ್ಲ. ಬೇಕೆಂದೇ ತಡೆದರು, ಹತ್ತು ಉಸಿರು, ಇಪ್ಪತ್ತು ಉಸಿರು, ಮೂವತ್ತು. ಹುಡುಗಿ ಗಡಿಯಾರ ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ, ಎದೆಯನ್ನಷ್ಟೇ ನೋಡುತ್ತ ಎಣಿಸುತ್ತಿದ್ದಳು. ಆಗ ಮುಷ್ಟಿ ಬುಗ್ಗೆ ಅದುಮಿತು.

ಎಲ್ಲ ಮುಗಿದ ಮೇಲೆ ಗೊಂಬೆಗಳ ಬಿರಡೆ ತೆಗೆದು ಹೊರಗಿನ ಬೇವಿನ ಗಿಡದ ಬುಡಕ್ಕೆ ನೀರು ಬಸಿದರು. ನಾಲ್ಕು ಕೂಸುಗಳು ಮತ್ತೆ ಮುದುಡಿ ಪೆಟ್ಟಿಗೆ ಸೇರಿದವು. ಗೇಟಿನ ಬಳಿ ಬಸ್ಸು ಕಾಯುತ್ತಿದ್ದವರ ನಡುವೆ ಆ ಹುಡುಗಿಯೂ ಇದ್ದಳು. ಅಂಗಡಿಯವನಿಂದ ಏನೋ ಕೊಂಡು ಚಿಲ್ಲರೆಗಾಗಿ ನಿಂತಿದ್ದಾಳೆ. ಎಡಗೈ ಸುಮ್ಮನೆ ಇಳಿಬಿದ್ದಿದೆ, ಬಲಗೈ ಹೆಗಲ ಚೀಲದ ಬದಿಯನ್ನು ಅದುಮಿ ಬಿಡುತ್ತಿದೆ. ಅದುಮುವುದು ಒಂದು ಎಣಿಕೆಗೆ, ಬಿಡುವುದು ಎರಡು ಎಣಿಕೆಗೆ. ಅವಳಿಗೆ ಅದು ಗೊತ್ತಿರಲಿಲ್ಲ.

"ನಾಳೆ ಊರಿಗೆ ಹೋದ ಮ್ಯಾಲೆ ಮೊದಲು ಏನು ಮಾಡ್ತೀರಿ?" ಎಂದು ಕೇಳಿದೆ.

"ಪ್ಯಾಕೆಟ್ ಒಡೀತೀನ್ರಿ," ಅಂದಳು. ಬಸ್ಸು ಬಂತು.